ಸಾಫ್ಟ್‌ವೇರ್‌ಗೆ ಮೊದಲು ಮೂಟೆಗೊಂದು ನಂಬರ್

ಪ್ರಶ್ನೆ: ಕುಶಾಲನಗರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ಹಲ್ಲಿಂಗ್ (ಸಿಪ್ಪೆ ಬಿಡಿಸಿ ಬೀಜ ತೆಗೆಯುವ) ಘಟಕ ಇದೆ. ಸುತ್ತಲಿನ ಬೆಳೆಗಾರರಿಂದ ರೊಬಸ್ಟಾ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಕೊಂಡು, ಒಡೆಸಿ, ಗ್ರೇಡ್ ಮಾಡಿ ಮಾರುತ್ತೇವೆ. ಲೆಕ್ಕವೆಲ್ಲ ನೋಟ್‌ಬುಕ್ಕಿನಲ್ಲಿ. ಇಡೀ ಘಟಕಕ್ಕೆ ಸಾಫ್ಟ್‌ವೇರ್ ಹಾಕಿಸೋಣ ಅಂತ ಮಗ ಹಟ ಹಿಡಿದಿದ್ದಾನೆ. ನಾಲ್ಕು ಲಕ್ಷ ಆಗುತ್ತಂತೆ. ಹಾಕಿಸಲಾ?

ಉತ್ತರ: ಮಗನ ಯೋಚನೆ ಸರಿಯಾಗಿದೆ ಸಾರ್. ಆದರೆ ನಾಲ್ಕು ಲಕ್ಷ ಈಗಲೇ ಬೇಡ. ದುಡ್ಡು ಎಲ್ಲಿ ಸೋರುತ್ತಿದೆ ಅಂತ ಮೊದಲು ಗೊತ್ತಾಗಲಿ.

ನಿಮ್ಮಂಥ ಘಟಕದಲ್ಲಿ ಮೊದಲು ನೋಡಬೇಕಾದದ್ದು ತೇವಾಂಶ. ಶೇ 14 ತೇವ ಇರುವ 10 ಟನ್ ಚೆರ್ರಿ ಕೊಂಡಿರಿ ಅಂದುಕೊಳ್ಳಿ. ಅದು ಶೇ 11ಕ್ಕೆ ಒಣಗುವಷ್ಟರಲ್ಲಿ ಸುಮಾರು 337 ಕಿಲೋ ಮಾಯ. ಅಷ್ಟೂ ನೀರು, ಅದಕ್ಕೂ ಕಾಫಿಯ ರೇಟೇ ಕೊಟ್ಟಿರುತ್ತೀರಿ! ಕೈಯಲ್ಲಿ ಹಿಡಿದು, ಹಲ್ಲಲ್ಲಿ ಕಚ್ಚಿ ನೋಡಿದರೆ ಈ ವ್ಯತ್ಯಾಸ ಗೊತ್ತಾಗಲ್ಲ. ಒಂದು ಒಳ್ಳೆಯ ಮಾಯಿಶ್ಚರ್ ಮೀಟರ್ ತನ್ನಿ. ಬೆಳೆಗಾರರ ಕಣ್ಣೆದುರೇ ಅಳೆಯಿರಿ, ಆಗ ತಕರಾರೂ ಇರಲ್ಲ.

ಆಮೇಲೆ ಪ್ರತಿ ಲಾಟ್‌ಗೂ ಒಂದು ನಂಬರ್ ಕೊಟ್ಟು ಮೂಟೆಯ ಮೇಲೆ ಬರೆಯಿರಿ. ಯಾರ ತೋಟ, ತೂಕ ಎಷ್ಟು, ತೇವ ಎಷ್ಟು, ಓ.ಟಿ. (50 ಕಿಲೋ ಚೆರ್ರಿ ಮೂಟೆ ಒಡೆದರೆ ಸಿಗುವ ಬೀಜದ ಕಿಲೋ ಲೆಕ್ಕ) ಎಷ್ಟು, ಇಷ್ಟನ್ನೂ ಮೊಬೈಲ್‌ನ ಎಕ್ಸೆಲ್‌ನಲ್ಲಿ ಹಾಕಲಿ, ಮಗನೇ ಮಾಡಬಲ್ಲ. ಓ.ಟಿ.ಯನ್ನು ಎರಡು ಸಲ ಬರೆಯಿರಿ, ಕೊಳ್ಳುವಾಗ ಸ್ಯಾಂಪಲ್‌ನದು, ಒಡೆದ ಮೇಲೆ ಮಿಲ್ಲಿನದು. ಸ್ಯಾಂಪಲ್‌ನಲ್ಲಿ 27 ಬಂದದ್ದು ಮಿಲ್ಲಿನಲ್ಲಿ 26 ಆದರೆ 50 ಕಿಲೋ ಮೂಟೆಗೆ ಒಂದು ಕಿಲೋ ಬೀಜ ಹೋಯಿತು ಅಂತಲೇ. ಸುಮ್ನೆ ಬೆಳೆಗಾರರನ್ನು ದೂರಬೇಡಿ. ಹೊಟ್ಟಿನ ರಾಶಿಗೆ ಕೈ ಹಾಕಿ, ಬೀಜ ಸಿಕ್ಕರೆ ಚೆರ್ರಿ ಒಡೆಯುವ ಯಂತ್ರ ಹಲ್ಲರ್‌ನ ಸೆಟ್ಟಿಂಗ್ ನೋಡಿಸಿ.

ಈ ನಂಬರಿನಿಂದ ಇನ್ನೊಂದು ಅನುಕೂಲವೂ ಇದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ತಡೆಯಲು ಐರೋಪ್ಯ ಒಕ್ಕೂಟ 2023ರಲ್ಲಿ ಕಾಯ್ದೆ ತಂದಿದೆ. ಅದರ ಪ್ರಕಾರ ಕಾಫಿ ಯಾವ ತೋಟದ್ದು ಅನ್ನೋದನ್ನು ನಕ್ಷೆಯಲ್ಲಿ ತೋರಿಸಬೇಕು. ನಿಮ್ಮಿಂದ ಕೊಳ್ಳುವ ರಫ್ತುದಾರರು ಅದನ್ನು ಕೇಳಿಯೇ ಕೇಳುತ್ತಾರೆ. ಹತ್ತು ತೋಟದ ಚೆರ್ರಿ ಒಂದೇ ರಾಶಿಗೆ ಸುರಿದ ಮೇಲೆ ಎಲ್ಲಿಂದ ಹೇಳುತ್ತೀರಿ?



ಒಂದು ಸೀಸನ್ ಹೀಗೆ ಬರೆದಿಡಿ. ಆಮೇಲೂ ಸಾಫ್ಟ್‌ವೇರ್ ಬೇಕು ಅನಿಸಿದರೆ ಮಾರುವವರನ್ನು ಎರಡೇ ಮಾತು ಕೇಳಿ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಹೋದಾಗ ಇದು ನಡೆಯುತ್ತಾ? ನಮ್ಮ ಲೆಕ್ಕವನ್ನು ಬೇಕೆಂದಾಗ ಎಕ್ಸೆಲ್‌ಗೆ ತೆಗೆದುಕೊಳ್ಳಬಹುದಾ? ಎರಡಕ್ಕೂ ಹೌದು ಅಂದರೆ, ಎದುರೇ ನಡೆಸಿ ತೋರಿಸಿದರೆ ಮಾತ್ರ ಅಡ್ವಾನ್ಸ್ ಕೊಡಿ.