ಅಕ್ಷರ ಚಿಕ್ಕದಾಗಲಿ ಅಂತ ಎಚ್4 ಬೇಡ

ನಿಮ್ಮ ಅಡುಗೆ ವೆಬ್ ಪುಟದಲ್ಲಿ ಎಚ್1 (ಪುಟ ಬರೆಯುವ ಎಚ್‌ಟಿಎಂಎಲ್ ಭಾಷೆಯಲ್ಲಿ ತಲೆಬರಹಕ್ಕೆ ಹಾಕುವ ಟ್ಯಾಗ್, ಅಂದರೆ ಗುರುತು) ಹಾಕಿದರೆ ಅಕ್ಷರ ತುಂಬಾ ದೊಡ್ಡದಾಗುತ್ತದೆ, ಅದಕ್ಕೇ ಎಚ್4 ಹಾಕಿದೆ, ತಪ್ಪಾ ಅಂತ ಕೇಳಿದ್ದೀರಿ. ಪುಟವೇನೋ ಸರಿಯಾಗಿಯೇ ಕಾಣುತ್ತದೆ. ಆದರೂ ಹಾಗೆ ಮಾಡಬೇಡಿ. ಎಚ್1ರಿಂದ ಎಚ್6ರವರೆಗಿನ ಅಂಕಿ ಗಾತ್ರಕ್ಕಲ್ಲ, ಯಾವುದರ ಕೆಳಗೆ ಯಾವುದು ಬರುತ್ತದೆ ಅನ್ನುವುದಕ್ಕೆ. ಕಣ್ಣು ಕಾಣದವರು ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್‌ನಲ್ಲಿ (ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ) ಎಚ್ ಕೀ ಒತ್ತಿ ಒಂದು ತಲೆಬರಹದಿಂದ ಇನ್ನೊಂದಕ್ಕೆ ಹೋಗುತ್ತಾರೆ. ಮೊದಲಿಗೇ ನಾಲ್ಕನೇ ಹಂತ ಅಂತ ಕೇಳಿಸಿದರೆ, ಮೇಲಿನ ಮೂರು ಎಲ್ಲಿ ಅಂತ ಗೊಂದಲ ಆಗುತ್ತೆ ಅಲ್ವಾ?

ತಿಂಡಿಯ ಹೆಸರಿಗೆ ಎಚ್1. ‘ಬೇಕಾಗುವ ಸಾಮಗ್ರಿ’, ‘ಮಾಡುವ ವಿಧಾನ’ ಎರಡಕ್ಕೂ ಎಚ್2. ಗಾತ್ರವನ್ನು ಸಿಎಸ್‌ಎಸ್‌ನಲ್ಲಿ (ಪುಟ ಹೇಗೆ ಕಾಣಬೇಕು ಅಂತ ಹೇಳುವ ಭಾಷೆ) ಫಾಂಟ್-ಸೈಜ್, ಅಂದರೆ ಅಕ್ಷರದ ಗಾತ್ರ, ಕೊಟ್ಟು ಇಳಿಸಿ. ನಾನೂ ಶುರುವಿನಲ್ಲಿ ದಪ್ಪ ಅಕ್ಷರದ ಆಸೆಗೆ ಸುಮ್ನೆ ಎಲ್ಲದಕ್ಕೂ ಎಚ್3 ಹಾಕಿದವನೇ!

ಸಾಮಗ್ರಿ ಪಟ್ಟಿಗೆ ಬಿಆರ್ (ಸಾಲು ಮುರಿಯುವ ಟ್ಯಾಗ್) ಬದಲು ಯುಎಲ್ (ಇಡೀ ಪಟ್ಟಿಗೆ), ಎಲ್‌ಐ (ಪಟ್ಟಿಯ ಒಂದೊಂದು ಸಾಮಗ್ರಿಗೆ) ಬಳಸಿ.