ಹಿತ್ತಲಲ್ಲಿ ಹೆರಿಟೇಜ್ ಟರ್ಕಿ ಸಾಕಿ ಮರಿ ಮಾಡಿಸಬಹುದಾ?

ಅಮೆರಿಕದಲ್ಲಿ ಮನೆ ಹಿಂದೆ ಜಾಗ ಇದೆ, ಕೋಳಿಗಳೂ ಇವೆ, ಹೆರಿಟೇಜ್ ಟರ್ಕಿ, ಅಂದರೆ ಹಳೆಯ ಸಾಂಪ್ರದಾಯಿಕ ತಳಿಯ ಟರ್ಕಿ ಹಕ್ಕಿ, ಸೇರಿಸಬಹುದಾ ಅಂತ ಕೇಳಿದ್ದೀರಿ. ಸಾಕಬಹುದು, ಆದರೆ ಕೋಳಿಗಳ ಜೊತೆ ಬೇಡ. ಕೋಳಿಯ ಕರುಳಿನ ಹುಳುವಿನ ಮೊಟ್ಟೆಗಳ ಮೂಲಕ ಬ್ಲ್ಯಾಕ್‌ಹೆಡ್ ಅನ್ನುವ ಕರುಳು, ಯಕೃತ್ತಿನ ರೋಗ ಹರಡುತ್ತದೆ. ಕೋಳಿಗೆ ಸಾಮಾನ್ಯವಾಗಿ ಅಷ್ಟೇನೂ ಆಗುವುದಿಲ್ಲ, ಟರ್ಕಿ ಸತ್ತೇ ಹೋಗಬಹುದು. ಆ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಹಾಗಾಗಿ ಕೋಳಿ ಓಡಾಡಿದ ನೆಲವೂ ಬೇಡ.

ತಳಿ ಯಾವುದು? ಹೆರಿಟೇಜ್ ತಳಿಗಳಾದ ಬೋರ್ಬನ್ ರೆಡ್ ಅಥವಾ ನ್ಯಾರಗ್ಯಾನ್ಸೆಟ್ ನೋಡಿ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಅಂಗಡಿಗೆ ಬರುತ್ತದಲ್ಲ, ಆ ಅಗಲ ಎದೆಯ ಬಿಳಿ ಟರ್ಕಿ ಮೈಭಾರಕ್ಕೆ ತಾನಾಗಿ ಕೂಡಲಾರದು. ಅದಕ್ಕೆ ಕೃತಕ ಗರ್ಭಧಾರಣೆಯೇ ಗತಿ. ಹೆರಿಟೇಜ್ ತಳಿಗಳಿಗೆ ಆ ತಾಪತ್ರಯವಿಲ್ಲ. ಬೆಳೆಯುವುದು ಮಾತ್ರ ನಿಧಾನ, ಸುಮಾರು 28 ವಾರ ಬೇಕು.

ಒಂದು ಗಂಡಿಗೆ ನಾಲ್ಕೈದು ಹೆಣ್ಣು ಸಾಕು. ವಸಂತದಲ್ಲಿ ಮೊಟ್ಟೆ ಶುರು. ಪೊದೆಯೊಳಗೆ ಕದ್ದು ಇಡುವ ಚಾಳಿ ಬೇರೆ, ಹುಡುಕಿಕೊಂಡು ಹೋಗಬೇಕು! ಕಾವು 28 ದಿನ.

ನಿಜವಾದ ಕಷ್ಟ ಮರಿಗಳ ಮೊದಲ ವಾರ. ಮೇವು, ನೀರು ಎಲ್ಲಿದೆ ಅಂತ ತಿಳಿಯದೆ ಸುಮ್ನೆ ಹಸಿದೇ ಸಾಯುತ್ತವೆ. ಒಂದೊಂದರ ಕೊಕ್ಕನ್ನೂ ನೀರಿಗೆ ಅದ್ದಿ ತೋರಿಸಿ. ನೀರಿನ ತಟ್ಟೆಗೆ ಹೊಳೆಯುವ ಗೋಲಿ ಹಾಕಿದರೆ ಕುಕ್ಕಲು ಬರುತ್ತವೆ. ಶುರುವಿನಲ್ಲಿ 35 ಡಿಗ್ರಿ ಸೆಲ್ಸಿಯಸ್ ಬಿಸಿ ಇರಲಿ, ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸಿ. ಮಾಮೂಲಿ ಕೋಳಿಮರಿ ಆಹಾರ ಸಾಲದು. ಶೇ. 28ರಷ್ಟು ಪ್ರೋಟೀನ್ ಇರುವ ಟರ್ಕಿ ಸ್ಟಾರ್ಟರ್ (ಟರ್ಕಿ ಮರಿಗಳ ಆಹಾರ) ತನ್ನಿ.