ಅದನ್ನು ಗಲಾಟೆ ಅನ್ನಬೇಡ, ತಮ್ಮಾ

ತಮ್ಮಾ, ನಿನ್ನ ಪತ್ರ ಓದಿದೆ. ಬಹರೈನ್‌ನ ರಾಜಧಾನಿ ಮನಾಮಾದಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಹೊರಡಬೇಕು ಅಂತ ಬರೆದಿದ್ದೀಯ. ಆದರೆ ಮನೆಗೆ ಬಂದ ನೆಂಟರೊಬ್ಬರು "ಬಹರೈನ್‌ನಲ್ಲಿ 2011ರಲ್ಲಿ ದೊಡ್ಡ ಗಲಾಟೆ ಆಗಿತ್ತು, ಅರಬ್ ದೇಶಗಳನ್ನು ನಂಬೋಕಾಗಲ್ಲ" ಅಂದುಬಿಟ್ಟರಂತೆ. ಅವತ್ತಿನಿಂದ ಅಮ್ಮನಿಗೆ ನಿದ್ದೆ ಇಲ್ಲ. ಮತ್ತೆ ಹಾಗೆ ಆಗುತ್ತಾ, ಆದರೆ ನಮ್ಮಂಥವರು ಏನು ಮಾಡಬೇಕು, ಅಲ್ಲಿಯವರ ಹತ್ತಿರ ಅದರ ಬಗ್ಗೆ ಮಾತಾಡಬಹುದಾ ಅಂತ ಕೇಳಿದ್ದೀಯ.

ಮೊದಲು ಅಮ್ಮನಿಗೆ ಇಷ್ಟು ಹೇಳು. ನಾನು ಕುಂದಾಪುರ ಬಿಟ್ಟು ಇಲ್ಲಿಗೆ ಬಂದದ್ದು 2006ರಲ್ಲಿ. ಮದುವೆ, ಮಗಳು, ಅವಳ ಶಾಲೆ ಎಲ್ಲ ಇಲ್ಲೇ ಆಯಿತು. ಮನಾಮಾದ ಗುದೈಬಿಯಾ, ಹೂರಾ ಕಡೆ ರಾತ್ರಿ ಹತ್ತಕ್ಕೂ ಹೆಂಗಸರು ಮಕ್ಕಳನ್ನು ಕರೆದುಕೊಂಡು ಅಂಗಡಿಗೆ ಹೋಗಿ ಬರುತ್ತಾರೆ. ಕಿರಾಣಿ ಅಂಗಡಿಗೆ ಇಲ್ಲಿ ಕೋಲ್ಡ್ ಸ್ಟೋರ್ ಅಂತಾರೆ, ಕುಚ್ಚಲಕ್ಕಿಯೂ ಸಿಗುತ್ತದೆ. ಕನ್ನಡ ಸಂಘ ಇದೆ. ಹಳೆಯ ಸೂಕ್‌ನ ಗಲ್ಲಿಯೊಳಗೆ ಕೃಷ್ಣನ ದೇವಸ್ಥಾನ ಇದೆ. ಊಟಕ್ಕೆ, ಮಾತಿಗೆ, ದೇವರಿಗೆ ಪರದಾಡುವ ಜಾಗ ಇದಲ್ಲ.

ಆದರೆ ಪತ್ರದಲ್ಲಿದ್ದ ಆ ಒಂದು ಪದ ನನಗೆ ಚುಚ್ಚಿತು. ಗಲಾಟೆ. ಗಲಾಟೆ ಅಂದರೆ ಬಸ್‌ಸ್ಟ್ಯಾಂಡಿನಲ್ಲಿ ಆಗುವಂಥದ್ದು. ಯಾರು, ಯಾಕೆ ಶುರು ಮಾಡಿದರು ಅಂತ ಸಂಜೆಗೆ ಯಾರಿಗೂ ನೆನಪಿರುವುದಿಲ್ಲ. ಇಲ್ಲಿ ಆದದ್ದಕ್ಕೆ ಒಂದು ತಾರೀಖು ಇತ್ತು, ಬೇಡಿಕೆ ಇತ್ತು, ಹಿಂದೆ ನಲವತ್ತು ವರ್ಷದ ಕತೆ ಇತ್ತು. ನಾಳೆ ನಿನ್ನ ಪಕ್ಕದ ಟೇಬಲ್ಲಿಗೆ ಕೂರುವ ಬಹರೈನಿಗಳು ಆ ಕತೆಯೊಳಗಿನವರು. ಅವರ ಮುಂದೆ ನೀನು ಆ ಪದ ಆಡಬಾರದು ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅಲ್ ಖಲೀಫಾ ಮನೆತನ ಇಲ್ಲಿ ಆಳುತ್ತಿರುವುದು 1783ರಿಂದ. ರಾಜಮನೆತನ ಸುನ್ನಿ, ಇಲ್ಲಿಯ ಪ್ರಜೆಗಳಲ್ಲಿ ಶಿಯಾಗಳೇ ಜಾಸ್ತಿ ಅನ್ನುವುದು ಸಾಮಾನ್ಯ ಲೆಕ್ಕ. 1971ರಲ್ಲಿ ಬ್ರಿಟಿಷರು ಹೋದರು. 1973ರಲ್ಲಿ ಚುನಾವಣೆ ನಡೆದು ಸಂಸತ್ತು ಬಂತು, 1975ರಲ್ಲಿ ಅದನ್ನು ಮುಚ್ಚಿದರು. ತೊಂಬತ್ತರ ದಶಕವೆಲ್ಲ ಅದನ್ನು ವಾಪಸ್ ಕೊಡಿ ಅಂತ ಜನ ಬೀದಿಗಿಳಿದರು, ಜೈಲಿಗೆ ಹೋದರು. 1999ರಲ್ಲಿ ಈಗಿನ ರಾಜ ಹಮದ್ ಪಟ್ಟಕ್ಕೆ ಬಂದಾಗ ಹೊಸ ಗಾಳಿ ಬೀಸಿದ ಹಾಗಾಯಿತು. ಕೈದಿಗಳು ಬಿಡುಗಡೆಯಾದರು, ದೇಶ ಬಿಟ್ಟವರು ಮರಳಿದರು. 2001ರ ಫೆಬ್ರುವರಿ 14 ಮತ್ತು 15ರಂದು ಸುಧಾರಣೆಯ ಸನದಿಗೆ ಮತ ಹಾಕಿಸಿದರು. ಶೇ. 98.4 ಜನ ಹೌದು ಅಂದರು. ಸರಿಯಾಗಿ ಒಂದು ವರ್ಷಕ್ಕೆ, 2002ರ ಫೆಬ್ರುವರಿ 14ರಂದು ಸಂವಿಧಾನ ಬಂತು. ಜನ ಆರಿಸಿದ 40 ಮಂದಿಯ ಸಭೆಯ ಜೊತೆಗೆ ರಾಜನೇ ನೇಮಿಸುವ 40 ಮಂದಿಯ ಇನ್ನೊಂದು ಸಭೆಯನ್ನೂ ಸೇರಿಸಿದ್ದರು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡರು ಅಂತ ಜನರಿಗೆ ಅನ್ನಿಸಿತು. ಇದು ಸಾಲದು ಅಂತ, 1971ರಿಂದಲೂ ಆಗ ಪ್ರಧಾನಿಯಾಗಿದ್ದವರು ಒಬ್ಬರೇ, ರಾಜನ ಚಿಕ್ಕಪ್ಪ. 2020ರಲ್ಲಿ ತೀರಿಕೊಳ್ಳುವವರೆಗೂ ಅವರೇ ಇದ್ದರು.

ಇನ್ನೊಂದು ಸಿಟ್ಟಿಗೆ ಹೆಸರೇ ಇದೆ, ತಜ್ನೀಸ್. ಹೊರಗಿನವರಿಗೆ ಪೌರತ್ವ ಕೊಡುವುದು. ಊರಿನ ಶಿಯಾ ಹುಡುಗನಿಗೆ ಪೊಲೀಸಿನಲ್ಲಿ, ಸೈನ್ಯದಲ್ಲಿ ಕೆಲಸ ಸಿಗುವುದು ಕಷ್ಟ. ಅದೇ ಕೆಲಸಕ್ಕೆ ಪಾಕಿಸ್ತಾನ, ಯೆಮನ್, ಜೋರ್ಡಾನ್‌ಗಳಿಂದ ಜನ ಬರುತ್ತಿದ್ದರು. ಇದನ್ನು ನೆನಪಿಟ್ಟುಕೋ, ಮುಂದೆ ಬರುತ್ತದೆ.

2010ರ ಡಿಸೆಂಬರ್ 17ರಂದು ಟ್ಯುನೀಸಿಯಾದ ಸಿದಿ ಬೂಜಿದ್ ಅನ್ನುವ ಊರಿನಲ್ಲಿ ಗಾಡಿ ತಳ್ಳಿ ಹಣ್ಣು ತರಕಾರಿ ಮಾರುತ್ತಿದ್ದ ಮೊಹಮ್ಮದ್ ಬುವಾಜೀಜಿ ಮೈಗೆ ಬೆಂಕಿ ಹಚ್ಚಿಕೊಂಡ. ಅವನ ಸಾಮಾನು ಕಿತ್ತುಕೊಂಡಿದ್ದರು, ದೂರು ಕೇಳುವವರೇ ಇರಲಿಲ್ಲ. ಜನವರಿ 14ಕ್ಕೆ ಅಲ್ಲಿಯ ಅಧ್ಯಕ್ಷ ಬೆನ್ ಅಲಿ ದೇಶ ಬಿಟ್ಟು ಓಡಿದರು. ಫೆಬ್ರುವರಿ 11ಕ್ಕೆ ಈಜಿಪ್ಟ್‌ನ ಮುಬಾರಕ್ ಇಳಿದರು. ಅದಾಗಿ ಮೂರೇ ದಿನಕ್ಕೆ ಬಹರೈನ್‌ನಲ್ಲಿ ಫೆಬ್ರುವರಿ 14 ಬಂತು. ಆ ತಾರೀಖೇ ಯಾಕೆ ಅಂತ ಈಗ ನಿನಗೆ ಗೊತ್ತಾಯಿತಲ್ವಾ?

ನಾನಾಗ ಕಟ್ಟಡ ಸಾಮಗ್ರಿ ಮಾರುವ ಒಂದು ಕಂಪನಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಆಫೀಸಿನಲ್ಲಿ ಇಬ್ಬರು ಬಹರೈನಿಗಳಿದ್ದರು. ಒಬ್ಬರು ಸನಾಬಿಸ್ ಹಳ್ಳಿಯ ಶಿಯಾ, ಇನ್ನೊಬ್ಬರು ಮುಹರ್ರಕ್‌ನ ಸುನ್ನಿ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಸನಾಬಿಸ್‌ನವರು ತಂದೂರಿನ ಖುಬ್ಸ್, ಅಂದರೆ ರೊಟ್ಟಿ, ತರುತ್ತಿದ್ದರು, ಬಿಸಿ ಆರದಿರಲಿ ಅಂತ ಹಳೆಯ ಪೇಪರಿನಲ್ಲಿ ಸುತ್ತಿಕೊಂಡು. ಮುಹರ್ರಕ್‌ನವರು ಡಬ್ಬಿಯಲ್ಲಿ ನಖಿ ತರುತ್ತಿದ್ದರು, ಅಂದರೆ ಬೇಯಿಸಿದ ಕಡಲೆ. ಫೈಲ್ ಕ್ಯಾಬಿನೆಟ್ ಮೇಲೆ ಒಂದು ಸ್ಟೀಲ್ ತಟ್ಟೆ. ಎಲ್ಲರೂ ಅದೇ ತಟ್ಟೆಗೆ ಕೈ ಹಾಕುತ್ತಿದ್ದೆವು. ನನಗೆ ಖಾರ ಬೇಕು ಅಂತ ಮುಹರ್ರಕ್‌ನವರು ಮೂಲೆಯಲ್ಲಿ ಒಂದು ಹಸಿಮೆಣಸು ಇಡುತ್ತಿದ್ದರು.

ಫೆಬ್ರುವರಿ 14ಕ್ಕೆ ಜನ ಬೀದಿಗಿಳಿದರು. ಮೊದಲ ದಿನವೇ ಒಬ್ಬ ಯುವಕ ಸತ್ತ. ಮರುದಿನ ಅವನ ಶವಯಾತ್ರೆಯಲ್ಲಿ ಇನ್ನೊಬ್ಬ. ಆ ಸಂಜೆ ಜನ ದವ್ವಾರ್ ಲುಲುವಿಗೆ ಹೋಗಿ ಕೂತರು. ದವ್ವಾರ್ ಅಂದರೆ ವೃತ್ತ, ಲುಲು ಅಂದರೆ ಮುತ್ತು. ಎಣ್ಣೆ ಸಿಗುವ ಮುಂಚೆ ಈ ದ್ವೀಪ ಬದುಕಿದ್ದೇ ಮುತ್ತಿನಿಂದ. ಆ ವೃತ್ತದ ನಡುವೆ ಹಡಗಿನ ಹಾಯಿಯಂಥ ಆರು ಬಿಳಿ ಕಮಾನು, ತುದಿಯಲ್ಲಿ ಒಂದು ದೊಡ್ಡ ಮುತ್ತು. ಕೊಲ್ಲಿಯ ಆರು ದೇಶಗಳ ಒಕ್ಕೂಟದ ಗುರುತು ಅದು. 17ರ ಗುರುವಾರ ಬೆಳಗಿನ ಜಾವ ಜನ ಮಲಗಿದ್ದಾಗ ಪೊಲೀಸರು ನುಗ್ಗಿದರು. ನಾಲ್ವರು ಸತ್ತರು. 19ಕ್ಕೆ ಸೈನ್ಯ ಹಿಂದೆ ಸರಿಯಿತು, ಜನ ಮತ್ತೆ ಬಂದು ಕೂತರು.

ಆ ವಾರ ಗೋದಾಮಿನಿಂದ ವಾಪಸ್ ಬರುವಾಗ ನಮ್ಮ ಪಿಕಪ್ ಆ ವೃತ್ತದ ಹತ್ತಿರ ಸಿಕ್ಕಿಹಾಕಿಕೊಂಡಿತು. ನಾನು ಕಂಡದ್ದು ಹತ್ತು ನಿಮಿಷವಷ್ಟೇ. ಹೆದರಿಕೊಂಡೇ ಕಿಟಕಿ ಇಳಿಸಿದೆ. ಒಬ್ಬ ಹುಡುಗ ನೀರಿನ ಬಾಟಲಿ ಒಳಗೆ ಕೊಟ್ಟು ಮುಂದೆ ಹೋದ, ದುಡ್ಡು ಕೇಳಲಿಲ್ಲ. ಟೆಂಟುಗಳು, ಚಹಾದ ದೊಡ್ಡ ಪಾತ್ರೆಗಳು, ಕಪ್ಪು ಅಬಾಯಾ ತೊಟ್ಟ ಹೆಂಗಸರು, ಮಕ್ಕಳ ಕೆನ್ನೆಯ ಮೇಲೆ ಕೆಂಪು ಬಿಳಿ ಬಣ್ಣ. "ಇಖ್ವಾನ್ ಸುನ್ನಾ ವ ಶಿಯಾ, ಹಾದಲ್ ವತನ್ ಮಾ ನಬೀಅ" ಅಂತ ಕೂಗುತ್ತಿದ್ದರು. ಸುನ್ನಿ ಶಿಯಾ ಅಣ್ಣತಮ್ಮಂದಿರು, ಈ ನಾಡನ್ನು ನಾವು ಮಾರುವುದಿಲ್ಲ ಅಂತ. ನಮ್ಮ ಡ್ರೈವರ್ ಅದರ ಅರ್ಥ ಹೇಳಿದ. ಆಮೇಲೆ ಇಬ್ಬರೂ ಆಫೀಸ್ ಬರುವವರೆಗೆ ಮಾತಾಡಲಿಲ್ಲ.

ಇದನ್ನೂ ಹೇಳಬೇಕು. ಫೆಬ್ರುವರಿ 21ರಂದು ಅಲ್ ಫತೇಹ್ ಮಸೀದಿಯ ಮುಂದೆ ಸುನ್ನಿಗಳು ದೊಡ್ಡ ಸಂಖ್ಯೆಯಲ್ಲಿ ಸೇರಿದರು. ಅವರಲ್ಲಿ ತುಂಬ ಜನಕ್ಕೆ ನಿಜವಾದ ಹೆದರಿಕೆ ಇತ್ತು, ರಾಜಮನೆತನ ಹೋದರೆ ನಮ್ಮ ಗತಿ ಏನು, ಇರಾನ್ ಒಳಗೆ ಬರುತ್ತದಾ ಅಂತ. ಮುಹರ್ರಕ್‌ನವರು ಅಲ್ಲಿಗೆ ಹೋಗಿದ್ದರು. ಸನಾಬಿಸ್‌ನವರು ಲುಲುವಿಗೆ ಹೋಗಿದ್ದರು. ಯಾರೂ ಯಾರನ್ನೂ ಬೈಯಲಿಲ್ಲ. ಆದರೆ ಖುಬ್ಸ್ ಬರುವುದು ನಿಂತಿತು. ತಟ್ಟೆ ಕ್ಯಾಬಿನೆಟ್ ಮೇಲೆಯೇ ಬೋರಲಾಗಿ ಬಿದ್ದಿತ್ತು.

ಮಾರ್ಚ್ 14ರಂದು ಸಮುದ್ರದ ಮೇಲಿನ 25 ಕಿಲೋಮೀಟರ್ ಸೇತುವೆ ದಾಟಿ ಸೌದಿ ಸೈನ್ಯ ಬಂತು, ಸುಮಾರು ಸಾವಿರ ಜನ. ಎಮಿರೇಟ್ಸ್‌ನಿಂದ 500 ಪೊಲೀಸರು ಬಂದರು. ಮರುದಿನ ತುರ್ತು ಪರಿಸ್ಥಿತಿ. 16ಕ್ಕೆ ಲುಲುವನ್ನು ಖಾಲಿ ಮಾಡಿಸಿದರು. ಪೇಟೆಯ ಒಂದು ಭಾಗಕ್ಕೆ ಸಂಜೆ 4ರಿಂದ ಬೆಳಿಗ್ಗೆ 4ರವರೆಗೆ ಕರ್ಫ್ಯೂ. ಆ ದಿನಗಳಲ್ಲಿ ನಮ್ಮಂಥವರ ಮೇಲೂ ಹಲ್ಲೆ ಆಯಿತು. ಪಾಕಿಸ್ತಾನದವರ ಮೇಲೆ ಜಾಸ್ತಿ, ಪೊಲೀಸರೆಲ್ಲ ಅವರೇ ಅನ್ನುವ ಸಿಟ್ಟಿನಿಂದ. ಲಾಠಿ ಹಿಡಿದವನಿಗೂ ಗಾರೆ ಕೆಲಸದವನಿಗೂ ವ್ಯತ್ಯಾಸ ನೋಡಲಿಲ್ಲ. ಅದು ತಪ್ಪು, ಅದಕ್ಕೆ ಬೇರೆ ಹೆಸರಿಲ್ಲ. ನಾವು ಗುದೈಬಿಯಾದ ಒಂದೇ ರೂಮಿನಲ್ಲಿ ಆರು ಜನ ಲೈಟ್ ಆರಿಸಿ ಕೂತಿದ್ದೆವು. ಮೇಲೆ ಹೆಲಿಕಾಪ್ಟರ್ ಸದ್ದು. ಊರಿಂದ ಅಕ್ಕ ಫೋನ್ ಮಾಡಿ "ಹೊರಟು ಬಾ" ಅಂತ ಅಳುತ್ತಿದ್ದಳು. ಪಾಸ್‌ಪೋರ್ಟ್ ಮ್ಯಾನೇಜರ ಬೀರುವಿನಲ್ಲಿತ್ತು, ಬೀಗದ ಕೈ ಅವರ ಜೇಬಿನಲ್ಲಿ, ಅವರು ದೇಶದಲ್ಲೇ ಇರಲಿಲ್ಲ.

ಆ ತಿಂಗಳ ಹಾಜರಿ ಪುಸ್ತಕ ಬರೆದವನು ನಾನು. ಸನಾಬಿಸ್‌ನವರು ಹನ್ನೊಂದು ದಿನ ಬಂದಿರಲಿಲ್ಲ. ಅವರ ಹಳ್ಳಿಯ ದಾರಿಯಲ್ಲಿ ಚೆಕ್‌ಪಾಯಿಂಟ್ ಇತ್ತು, ಬರಲು ಆಗುತ್ತಿರಲಿಲ್ಲ ಅಂತ ನನಗೆ ಗೊತ್ತಿತ್ತು. ರಜೆ ಅಂತ ಬರೆಯಬೇಡ, ಗೈರು ಅಂತ ಬರೆ ಅಂತ ಮೇಲಿಂದ ಹೇಳಿದರು. ಬರೆದೆ. ಏಪ್ರಿಲ್‌ನಲ್ಲಿ ಅದೇ ಹಾಳೆಯನ್ನು ಕಾರಣವಾಗಿ ಇಟ್ಟುಕೊಂಡು ಅವರನ್ನು ಕೆಲಸದಿಂದ ತೆಗೆದರು. ಅವರ ಕೊನೆಯ ಲೆಕ್ಕ ಮಾಡಿದವನೂ ನಾನೇ. ಸಹಿ ಹಾಕಲು ಬಂದಾಗ ಅವರು ಕೇಳಿದ್ದು ಒಂದೇ ಮಾತು, "ನಿನ್ನ ಪಾಸ್‌ಪೋರ್ಟ್ ಸಿಕ್ಕಿತಾ?" ಆ ವಸಂತದಲ್ಲಿ ಹೀಗೆ ಇಡೀ ದೇಶದಲ್ಲಿ 4 ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಗಾಯಗೊಂಡವರಿಗೆ ಮದ್ದು ಹಾಕಿದ ಡಾಕ್ಟರ್, ನರ್ಸ್‌ಗಳೂ ಜೈಲಿಗೆ ಹೋದರು.

ಮಾರ್ಚ್ 18ರ ಶುಕ್ರವಾರ ಆ ಮುತ್ತಿನ ಸ್ಮಾರಕವನ್ನೇ ಕೆಡವಿದರು. ಬೀಳುವಾಗ ಕಮಾನಿನಡಿ ಸಿಕ್ಕಿ ಒಬ್ಬ ಕ್ರೇನ್ ಕೆಲಸಗಾರ ಸತ್ತ. ಅವನೂ ದುಡಿಯಲು ಬಂದ ವಲಸೆಗಾರನೇ. 500 ಫಿಲ್ಸ್ ನಾಣ್ಯದ ಮೇಲೆ ಆ ಸ್ಮಾರಕದ ಚಿತ್ರ ಇತ್ತು, ಅದೂ ಚಲಾವಣೆಯಿಂದ ಹೋಯಿತು. ಜಾಗಕ್ಕೆ ಈಗ ಅಲ್ ಫಾರೂಕ್ ಜಂಕ್ಷನ್ ಅಂತ ಹೆಸರು, ವೃತ್ತ ಇಲ್ಲ, ಸಿಗ್ನಲ್ ಇದೆ. ಹಳೆಯ ನಾಣ್ಯ ಒಂದು ನನ್ನ ಡ್ರಾಯರ್‌ನಲ್ಲಿದೆ. ಬಂದಾಗ ತೋರಿಸುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ಬಹರೈನ್ ಬೇರೆ ಅರಬ್ ದೇಶಗಳು ಮಾಡದ್ದನ್ನು ಮಾಡಿತು. ಏನಾಯಿತು ಅಂತ ತನಿಖೆ ಮಾಡಲು ರಾಜನೇ ಹೊರಗಿನ ಕಾನೂನು ಪಂಡಿತರ ಆಯೋಗ ಕರೆಸಿದ. ಅದರ ಮುಖ್ಯಸ್ಥರು ಷರೀಫ್ ಬಸ್ಸಿಯೂನಿ. 2011ರ ನವೆಂಬರ್ 23ರಂದು ವರದಿಯನ್ನು ರಾಜನ ಎದುರೇ ಮಂಡಿಸಿದರು, ಟಿವಿಯಲ್ಲಿ ಎಲ್ಲರೂ ನೋಡಿದೆವು. ಫೆಬ್ರುವರಿ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ 35 ಸಾವು, ಅದರಲ್ಲಿ ಐವರು ಪೊಲೀಸ್ ಮತ್ತು ಸೈನ್ಯದವರು. ಬಂಧಿತರಿಗೆ ಚಿತ್ರಹಿಂಸೆ ಕೊಟ್ಟದ್ದು ನಿಜ ಅಂತಲೂ ಬರೆದಿತ್ತು. ವಲಸಿಗರ ಮೇಲಿನ ಹಲ್ಲೆಯ ಬಗ್ಗೆಯೂ ಅದರಲ್ಲಿ ಬರೆದಿತ್ತು. ಕೆಲಸದಿಂದ ತೆಗೆದವರನ್ನು ವಾಪಸ್ ತೆಗೆದುಕೊಳ್ಳಿ ಅಂತ ಒತ್ತಡ ಬಂದದ್ದು ಇದಾದ ಮೇಲೆಯೇ. ಸನಾಬಿಸ್‌ನವರು 2012ರಲ್ಲಿ ಮರಳಿ ಬಂದರು. ಮೊದಲ ದಿನ ಯಾರೂ ಜಾಸ್ತಿ ಮಾತಾಡಲಿಲ್ಲ. ಎರಡನೆಯ ವಾರ ಮುಹರ್ರಕ್‌ನವರು ಎದ್ದು ಹೋಗಿ ತಟ್ಟೆ ತೊಳೆದು ತಂದರು.

ಬೇರೆ ದೇಶಗಳದ್ದು ನಿನಗೆ ಸುದ್ದಿಯಲ್ಲೇ ಗೊತ್ತು. ಈಜಿಪ್ಟ್‌ನಲ್ಲಿ ಜನ ಆರಿಸಿದ ಅಧ್ಯಕ್ಷನನ್ನು ಒಂದೇ ವರ್ಷದಲ್ಲಿ ಸೈನ್ಯ ಇಳಿಸಿತು. ಲಿಬಿಯಾ, ಯೆಮನ್ ಒಡೆದು ಹೋದವು. ಸಿರಿಯಾದಲ್ಲಿ ಅಧ್ಯಕ್ಷ ಅಸ್ಸಾದ್ ಓಡಿದ್ದು 2024ರ ಡಿಸೆಂಬರ್ 8ರಂದು, ಲಕ್ಷಾಂತರ ಜನ ಸತ್ತ ಮೇಲೆ. ಸುಡಾನ್‌ನದ್ದು ನಮಗೆ ಇನ್ನೂ ಹತ್ತಿರ. 2018ರಲ್ಲಿ ರೊಟ್ಟಿಯ ಬೆಲೆಗೆ ಎದ್ದ ಜನ 2019ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಬಷೀರ್‌ನನ್ನು ಇಳಿಸಿದರು. ಆದರೆ ಬಂದೂಕು ಹಿಡಿದ ಎರಡು ಪಡೆಗಳು ಅಧಿಕಾರ ಬಿಡಲಿಲ್ಲ, 2023ರಲ್ಲಿ ಒಬ್ಬರ ಮೇಲೊಬ್ಬರು ಬಿದ್ದವು. ಆಗ ಅಲ್ಲಿ ಸಿಕ್ಕಿಬಿದ್ದವರಲ್ಲಿ ಗಿಡಮೂಲಿಕೆ ಎಣ್ಣೆ ಮಾರಲು ಹೋದ ನಮ್ಮ ಹಕ್ಕಿಪಿಕ್ಕಿ ಜನರೂ ಇದ್ದರು. ಪೋರ್ಟ್ ಸುಡಾನ್‌ನಿಂದ ಜೆದ್ದಾಕ್ಕೆ, ಅಲ್ಲಿಂದ ಊರಿಗೆ ಸರ್ಕಾರ ಕರೆತಂದಿತು, ಆ ಕೆಲಸಕ್ಕೆ 'ಆಪರೇಷನ್ ಕಾವೇರಿ' ಅಂತಲೇ ಹೆಸರಿಟ್ಟಿದ್ದರು. ಜನ ಎದ್ದದ್ದೇ ತಪ್ಪು ಅಂತ ಇದರಿಂದ ಅಂದುಕೊಳ್ಳಬೇಡ. ಎದ್ದವರ ಕೈಯಿಂದ ಅದನ್ನು ಕಸಿದುಕೊಂಡವರು ಬೇರೆ.

ಇಲ್ಲಿ ಮತ್ತೆ ಆಗುತ್ತಾ? ಕೇಳಿದ್ದು ಸಿಕ್ಕಿಲ್ಲ, ಕೇಳುವ ದಾರಿ ಮುಚ್ಚಿದೆ. ಶಿಯಾಗಳ ದೊಡ್ಡ ಪಕ್ಷ ಅಲ್ ವಿಫಾಕ್‌ಗೆ 2010ರ ಚುನಾವಣೆಯಲ್ಲಿ 40ರಲ್ಲಿ 18 ಸೀಟು ಬಂದಿತ್ತು. 2016ರಲ್ಲಿ ಅದನ್ನೇ ಮುಚ್ಚಿಸಿದರು. ಅದರ ನಾಯಕ ಅಲಿ ಸಲ್ಮಾನ್‌ಗೆ ಜೀವಾವಧಿ ಶಿಕ್ಷೆಯಾಯಿತು. 2024ರ ಏಪ್ರಿಲ್‌ನಲ್ಲಿ ರಾಜ 1,500ಕ್ಕೂ ಹೆಚ್ಚು ಕೈದಿಗಳಿಗೆ ಕ್ಷಮೆ ಕೊಟ್ಟಾಗ ಹಳ್ಳಿಗಳಲ್ಲಿ ಹಬ್ಬ ಆಯಿತು. ಎಷ್ಟು ಮನೆಗಳಲ್ಲಿ ಕಾಯುತ್ತಿದ್ದರು ಅಂತ ಅವತ್ತು ಗೊತ್ತಾಯಿತು.

ಇನ್ನು ನೀನು ಮಾಡಬೇಕಾದ್ದು. ಪಾಸ್‌ಪೋರ್ಟ್ ನಿನ್ನ ಕೈಯಲ್ಲೇ ಇರಲಿ, ಕಂಪನಿ ಇಟ್ಟುಕೊಳ್ಳುವುದು ಇಲ್ಲಿಯೂ ಕಾನೂನಿಗೆ ವಿರುದ್ಧ. ಕೇಳಿದರೆ ನಯವಾಗಿ, ಆದರೆ ಗಟ್ಟಿಯಾಗಿ ಆಗಲ್ಲ ಅನ್ನು. ನಮ್ಮ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸು. ಜನ ಸೇರಿದ ಕಡೆ ನಿಂತು ವಿಡಿಯೊ ತೆಗೆಯಬೇಡ. ರಾಜನ ಬಗ್ಗೆ, ಶಿಯಾ ಸುನ್ನಿ ಬಗ್ಗೆ ವಾಟ್ಸಾಪ್‌ನಲ್ಲಿ ಬಂದದ್ದನ್ನು ಮುಂದೆ ಕಳಿಸಬೇಡ. ರಾಜನಿಗೆ ಅವಮಾನ ಮಾಡಿದರೆ ಇಲ್ಲಿ ಜೈಲು. ನಿನಗಾದರೆ ಟಿಕೆಟ್ ಹರಿದು ಊರಿಗೆ ಕಳಿಸಬಹುದು, ನೀನು ಯಾರ ಮಾತನ್ನು ಅಲ್ಲಿ ಇಲ್ಲಿ ಆಡಿದೆಯೋ ಅವರಿಗೆ ಹೋಗಲು ಬೇರೆ ದೇಶ ಇಲ್ಲ. ನೀನಾಗಿ ಕೇಳಬೇಡ. ಅವರಾಗಿ ಹೇಳಿದರೆ ಕೆಲಸ ಪಕ್ಕಕ್ಕಿಟ್ಟು ಕೇಳು. ಎರಡೂ ಕಡೆಯವರದ್ದನ್ನು ಕೇಳು.

ಮುಹರ್ರಕ್‌ನವರು ಈಗ ರಿಟೈರ್ ಆಗಿದ್ದಾರೆ. ಆದರೂ ತಿಂಗಳಿಗೊಮ್ಮೆ ಡಬ್ಬಿ ಹಿಡಿದು ಆಫೀಸಿಗೆ ಬರುತ್ತಾರೆ, ಸನಾಬಿಸ್‌ನವರಿಗೆ ಹಿಂದಿನ ರಾತ್ರಿಯೇ ಫೋನ್ ಮಾಡಿ ಖುಬ್ಸ್ ತರಲು ಹೇಳುತ್ತಾರೆ. ಊರಿಂದ ಒಬ್ಬ ಹುಡುಗ ಬರುತ್ತಿದ್ದಾನೆ ಅಂತ ಇಬ್ಬರಿಗೂ ಹೇಳಿದ್ದೇನೆ. ಖಾರ ತಿನ್ನುತ್ತಾನಾ ಅಂತ ಕೇಳಿದರು. ಯಾವ ದಿನದ ಫ್ಲೈಟ್ ಅಂತ ತಿಳಿಸು.